ಸತ್ಯಾಂಶ: ಕ್ರೈಸ್ತ ಧರ್ಮವನ್ನು ಭಾರತಕ್ಕೆ ತಂದವರು ಬ್ರಿಟಿಷರೇ?

ಭಾರತಕ್ಕೆ ಕ್ರೈಸ್ತ ಧರ್ಮವನ್ನು ಬ್ರಿಟಿಷರು ತಂದರೆಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ, ಅದು ನಿಜವಲ್ಲ. ಯೇಸುವಿನ ಶಿಷ್ಯ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದರೆಂಬುದು ಪರಂಪರೆಯ ನಂಬಿಕೆ. ಅದನ್ನು ಬದಿಗಿಟ್ಟರೂ ಲಿಖಿತ ಸಾಕ್ಷ್ಯ ಗಟ್ಟಿಯಾಗಿಯೇ ಇದೆ. ಕ್ರಿ.ಶ. 849ರಲ್ಲಿ ದಕ್ಷಿಣ ಕೇರಳದ ವೇಣಾಡಿನ ಒಡೆಯ ಅಯ್ಯನ್ ಅಡಿಗಳ್ ಕೊಲ್ಲಂನ ತರಿಸಾಪಳ್ಳಿ ಚರ್ಚಿಗೆ ಭೂಮಿಯನ್ನೂ ಹಕ್ಕುಗಳನ್ನೂ ದತ್ತಿಯಾಗಿ ಕೊಟ್ಟ ತಾಮ್ರಪಟಗಳು ಇಂದಿಗೂ ಉಳಿದಿದ್ದು, ಅವುಗಳಲ್ಲಿ ಸಾಕ್ಷಿಗಳ ಸಹಿಗಳು ಪಹ್ಲವಿ (ಹಳೆಯ ಪರ್ಷಿಯನ್), ಕೂಫಿ ಶೈಲಿಯ ಅರಬ್ಬಿ ಹಾಗೂ ಹೀಬ್ರೂ ಲಿಪಿಗಳಲ್ಲಿವೆ. ಕರಾವಳಿ ಕರ್ನಾಟಕದ ಕೊಂಕಣಿ ಕ್ಯಾಥೊಲಿಕರ ಪೂರ್ವಿಕರೂ ಬಹುಪಾಲು, ಮಂಗಳೂರು 1799ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರುವುದಕ್ಕೆ ಬಹಳ ಮೊದಲೇ ಗೋವಾದಿಂದ ವಲಸೆ ಬಂದವರು. ವಿಚಿತ್ರವೆಂದರೆ, ವ್ಯಾಪಾರಕ್ಕೆ ಧಕ್ಕೆಯಾದೀತೆಂಬ ಅಳುಕಿನಿಂದ ಈಸ್ಟ್ ಇಂಡಿಯಾ ಕಂಪನಿಯೇ ಮಿಷನರಿಗಳಿಗೆ ದಾರಿ ತೆರೆದ, ಬ್ರಿಟಿಷ್ ಸಂಸತ್ತಿನ 1813ರ ಚಾರ್ಟರ್ ಕಾಯ್ದೆಯವರೆಗೆ ಅವರನ್ನು ದೂರವಿಡಲು ನೋಡಿತು. ಹೀಗಾಗಿ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ 1800ರಲ್ಲಿ ಡೇನರ (ಡೆನ್ಮಾರ್ಕಿನವರ) ಅಧೀನದ, ಕಲ್ಕತ್ತಾ ಬಳಿಯ ಸೆರಾಂಪುರದಲ್ಲಿ ನೆಲೆಸಬೇಕಾಯಿತು. ಇನ್ನು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು.