ನೇಣಿನ ಹಿಂದಿನ ರಾತ್ರಿಯ ಅರ್ಜಿ

ಪ್ರಶ್ನೆ: ಮರಣದಂಡನೆ ವಿರೋಧಿಸುವ ವಕೀಲರು ಕೊನೆ ಗಳಿಗೆಯವರೆಗೂ ಅರ್ಜಿ ಹಾಕುತ್ತಲೇ ಇರುವುದು ಸರಿಯೇ?

ಪರ: ಕೊನೆಯ ಬಾಗಿಲನ್ನೂ ತಟ್ಟಲಿ

"ಸುಮ್ನೆ ಕಾಲ ತಳ್ಳುತ್ತಿದ್ದಾರೆ." ಈ ವಕೀಲರ ಮೇಲೆ ಇದು ಮಾಮೂಲಿ ದೂರು. ಜೀತಾ ಸಿಂಗ್ ಕತೆ ಗೊತ್ತಿದ್ದವರು ಹಾಗೆ ಹೇಳುವ ಮೊದಲು ಸ್ವಲ್ಪ ತಡೆಯುತ್ತಾರೆ.

ಉತ್ತರ ಪ್ರದೇಶದ ಒಂದು ಕೊಲೆ ಪ್ರಕರಣ. ಒಂದೇ ಅಪರಾಧ, ಮೂವರಿಗೂ ಗಲ್ಲು. ಮೂವರ ಮೇಲ್ಮನವಿಗಳೂ ಸುಪ್ರೀಂ ಕೋರ್ಟಿಗೆ ಬೇರೆ ಬೇರೆಯಾಗಿ ಹೋದವು. ಕಶ್ಮೀರಾ ಸಿಂಗ್‌ಗೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಜೀತಾ ಸಿಂಗ್ ಅರ್ಜಿ ವಜಾ ಆಯಿತು. ಆತ ಮರುಪರಿಶೀಲನಾ ಅರ್ಜಿಯನ್ನೂ ಹಾಕಲಿಲ್ಲ. 1981ರ ಅಕ್ಟೋಬರ್ 6ರಂದು ಆತನನ್ನು ನೇಣಿಗೇರಿಸಿದರು. ಮೂರನೆಯವನು ಹರ್‌ಬನ್ಸ್ ಸಿಂಗ್. ಅವನಿಗೂ ಅದೇ ದಿನ ನಿಗದಿಯಾಗಿತ್ತು. ಮರುಪರಿಶೀಲನೆ, ಕ್ಷಮಾದಾನ ಎಲ್ಲ ಮುಗಿದಿದ್ದರೂ ಅವನ ಕಡೆಯಿಂದ ಇನ್ನೊಂದು ಅರ್ಜಿ ಹೋಯಿತು. ತಡೆಯಾಜ್ಞೆ ಸಿಕ್ಕಿತು. 1982ರಲ್ಲಿ ಸುಪ್ರೀಂ ಕೋರ್ಟೇ, ಈತನ ಶಿಕ್ಷೆ ಇಳಿಸಿ ಎಂದು ರಾಷ್ಟ್ರಪತಿಗೆ ಶಿಫಾರಸು ಮಾಡಿತು. ಜೀತಾ ಸತ್ತಿದ್ದು, ಹರ್‌ಬನ್ಸ್ ಉಳಿದಿದ್ದು ಅಪರಾಧದ ತೂಕದಿಂದ ಅಲ್ಲ. ಒಂದು ಅರ್ಜಿಯಿಂದ.

ಅಮೆರಿಕದ ಅಲಬಾಮಾದ ಆಂಥನಿ ರೇ ಹಿಂಟನ್ ಮೇಲೆ ಎರಡು ಕೊಲೆಗಳ ಆರೋಪ ಬಿತ್ತು. ಇದ್ದ ಮುಖ್ಯ ಸಾಕ್ಷ್ಯ ಒಂದೇ, ಆತನ ತಾಯಿಯ ರಿವಾಲ್ವರ್‌ಗೆ ಗುಂಡುಗಳು ಹೊಂದುತ್ತವೆ ಎಂಬ ವಾದ. 1986ರ ವಿಚಾರಣೆಯಲ್ಲಿ ಆತನ ವಕೀಲರು ತಜ್ಞರ ಖರ್ಚಿಗೆ 1,000 ಡಾಲರ್ ಮಾತ್ರ ಸಿಗುವುದು ಎಂದುಕೊಂಡರು. ಆ ಮಿತಿಯನ್ನು ಕಾನೂನು ಅಷ್ಟರಲ್ಲೇ ತೆಗೆದುಹಾಕಿತ್ತು. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಆ ಹಣಕ್ಕೆ ಸಿಕ್ಕ ತಜ್ಞನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಸರ್ಕಾರಿ ವಕೀಲರು ಅದನ್ನೇ ಹಿಡಿದು ಜ್ಯೂರಿಯ ಎದುರು ಅವನನ್ನು ಹಣ್ಣುಗಾಯಿ ಮಾಡಿದರು. ಮುಂದೆ ವಕೀಲ ಬ್ರಯಾನ್ ಸ್ಟೀವನ್‌ಸನ್ ಈ ಕೇಸು ಹಿಡಿದರು. ಅರ್ಜಿ ಮೇಲೆ ಅರ್ಜಿ. ಮೊದಲ ವಕೀಲರು ತಪ್ಪಿದರು ಎಂದು 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿತು, 2015ರಲ್ಲಿ ಹಿಂಟನ್ ಹೊರಬಂದ. ಹತ್ತಿರ ಹತ್ತಿರ 30 ವರ್ಷ.

"ಒಬ್ಬೊಬ್ಬರ ಕೇಸು ಯಾಕೆ, ವ್ಯವಸ್ಥೆಯನ್ನೇ ಪ್ರಶ್ನಿಸಿ" ಎನ್ನುವವರೂ ಇದ್ದಾರೆ. ಅದನ್ನೂ ಮಾಡಿ ನೋಡಿದ್ದಾಯಿತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸತ್ತವರು ಬಿಳಿಯರಾದರೆ ಆರೋಪಿಗೆ ಮರಣದಂಡನೆ ಬೀಳುವ ಸಂಭವ 4.3 ಪಟ್ಟು ಜಾಸ್ತಿ ಎಂಬ ಅಧ್ಯಯನವನ್ನು ವಕೀಲರು ಅಲ್ಲಿನ ಸುಪ್ರೀಂ ಕೋರ್ಟಿನ ಮುಂದಿಟ್ಟರು. 1987ರಲ್ಲಿ ಐದಕ್ಕೆ ನಾಲ್ಕರ ತೀರ್ಪು ಬಂತು: ಅಂಕಿಅಂಶ ಸಾಲದು, ಈ ಕೇಸಿನಲ್ಲೇ ತಾರತಮ್ಯ ಆಗಿದೆ ಎಂದು ತೋರಿಸಿ. ಸರಿ, ತೋರಿಸೋಣ ಅಂದರೆ ಅದಕ್ಕೆಷ್ಟು ಕಾಲ ಬೇಕು? ಅದೇ ರಾಜ್ಯದ ಇನ್ನೊಂದು ಕೇಸಿನಲ್ಲಿ ಕಪ್ಪು ಜನಾಂಗದವರನ್ನು ಜ್ಯೂರಿಯಿಂದ ಹೊರಗಿಡಲು ಅವರ ಹೆಸರಿಗೆ ಹಸಿರು ಬಣ್ಣ ಬಳಿದು, ಪಕ್ಕದಲ್ಲಿ 'ಬಿ' (ಬ್ಲ್ಯಾಕ್) ಅಕ್ಷರ ಬರೆದಿಟ್ಟ ಸರ್ಕಾರಿ ಕಡತ ವಕೀಲರ ಕೈಗೆ ಸಿಕ್ಕಿದ್ದು 2006ರಲ್ಲಿ. ವಿಚಾರಣೆ ನಡೆದಿದ್ದು 1987ರಲ್ಲಿ! ಸ್ಟೀಫನ್ ಬ್ರೈಟ್ ಅದನ್ನು ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಿದ್ದು 2016ರಲ್ಲಿ. ಇದನ್ನೂ ಕಾಲ ತಳ್ಳುವುದು ಅನ್ನಬೇಕೇ?

ವಿರೋಧ: ಹೋರಾಟ ನಡೆಯಬೇಕಾದ ಕೋರ್ಟು ಬೇರೆ

ಮೊದಲೇ ಹೇಳಿಬಿಡುತ್ತೇನೆ, ನಾನು ಗಲ್ಲುಶಿಕ್ಷೆಯ ಪರ ಅಲ್ಲ. ಆದರೂ ಕೊನೆ ರಾತ್ರಿಯ ಓಟ ಕಂಡರೆ ನನಗೆ ಕಸಿವಿಸಿ.

2012ರ ದೆಹಲಿ ಅತ್ಯಾಚಾರ ಪ್ರಕರಣವನ್ನೇ ನೋಡಿ. ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ಗಲ್ಲನ್ನು ಖಾಯಂ ಮಾಡಿತು. 2020ರಲ್ಲಿ ಡೆತ್ ವಾರಂಟ್ ಹೊರಟಿತು. ಜನವರಿ 22 ಅಂದರು, ಫೆಬ್ರವರಿ 1 ಅಂದರು, ಮಾರ್ಚ್ 3 ಅಂದರು. ನಾಲ್ವರು ಅಪರಾಧಿಗಳೂ ಒಬ್ಬರಾದ ಮೇಲೆ ಒಬ್ಬರು ಕ್ಯುರೇಟಿವ್ (ಮರುಪರಿಶೀಲನೆಯೂ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೆ ಹಾಕುವ ಕೊನೆಯ ಅರ್ಜಿ), ಕ್ಷಮಾದಾನ ಎಂದು ಅರ್ಜಿ ಹಾಕುತ್ತಾ ಹೋದರು. ಕೊನೆಗೆ ಮಾರ್ಚ್ 20ರ ನಸುಕಿನಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ತೆರೆಯಿತು, ಬೆಳಗಾಗುವಷ್ಟರಲ್ಲಿ ನೇಣಾಯಿತು. ಮೂರು ಸಲ ದಿನಾಂಕ ಕೇಳಿ ಮೂರು ಸಲ ವಾಪಸಾದ ಆ ಹುಡುಗಿಯ ತಂದೆತಾಯಿಗೆ ಇದರಲ್ಲಿ ನ್ಯಾಯದ ಯಾವ ಸೂಕ್ಷ್ಮ ಕಂಡೀತು? ಶಿಕ್ಷೆಗೆ ಗುರಿಯಾದವರನ್ನೂ ಮೂರು ಸಲ ಸಾವಿನ ಅಂಚಿಗೆ ತಂದು ನಿಲ್ಲಿಸಿದಂತಾಯಿತು ಅಲ್ವಾ?

ಇದರ ಏಟು ಬೀಳುವುದು ಮುಂದಿನ ಬಡ ಆರೋಪಿಗೆ. ಆ ಜನವರಿಯಲ್ಲೇ ಕೇಂದ್ರ ಸರ್ಕಾರ, ಇಂಥ ಅರ್ಜಿಗಳಿಗೆ ಗಡುವು ಹಾಕಿ ಎಂದು ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಅಮೆರಿಕದಲ್ಲಿ 1996ರಲ್ಲೇ ಕಾನೂನು ಬಂದು, ರಾಜ್ಯದ ಕೋರ್ಟುಗಳ ನಂತರ ಫೆಡರಲ್ (ಕೇಂದ್ರದ) ಕೋರ್ಟಿಗೆ ಹೋಗಲು ಒಂದು ವರ್ಷದ ಗಡುವು ಬಿತ್ತು. ಎರಡನೇ ಅರ್ಜಿಯ ದಾರಿ ತೀರಾ ಕಿರಿದಾಯಿತು. ಯಾರೋ ಬಾಗಿಲು ಬಡಿದ ಸದ್ದಿಗೆ ಇನ್ಯಾರಿಗೋ ಬಾಗಿಲು ಹಾಕಿದರು.

ಇನ್ನೊಂದು ಮಾತು. ಕೊನೆ ರಾತ್ರಿ ಹೆಸರಾಂತ ವಕೀಲರು ಬಂದು ನಿಲ್ಲುವುದು ಹೆಸರಾದ ಕೇಸುಗಳಿಗೆ. ಅದೂ ಅಸಮಾನ ನ್ಯಾಯವೇ. ಹೆಸರಿಲ್ಲದವನ ಹಣೆಬರಹ ಬರೆಯುವುದು ಸೆಷನ್ಸ್ ಕೋರ್ಟು. ಬಾಲ್ಯ, ಬಡತನ, ಮನಸ್ಸಿನ ಕಾಯಿಲೆ, ಜೈಲಿನಲ್ಲಿ ನಡೆದುಕೊಂಡ ರೀತಿ ಇವೆಲ್ಲ ದಾಖಲಾಗಬೇಕಾದ್ದು ಅಲ್ಲಿ. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಅಮೆರಿಕದ ವರ್ಜೀನಿಯಾ ಒಂದು ಕಾಲಕ್ಕೆ ಮರಣದಂಡನೆಗೆ ಹೆಸರಾದ ರಾಜ್ಯ. 2000ದ ದಶಕದ ಆರಂಭದಲ್ಲಿ ಅಲ್ಲಿ ಇಂಥ ಕೇಸುಗಳಿಗೆಂದೇ ಸಂಬಳದ ವಕೀಲರ ಕಚೇರಿಗಳು ಶುರುವಾದವು. ಮೊದಲ ದಿನದಿಂದಲೇ ಆರೋಪಿಯ ಜೊತೆ ನಿಲ್ಲುವ ವಕೀಲರು, ತನಿಖೆ ಮಾಡಲು ಜನ, ತಜ್ಞರಿಗೆ ಹಣ. 2011ರ ನಂತರ ಅಲ್ಲಿ ಹೊಸದಾಗಿ ಒಬ್ಬರಿಗೂ ಮರಣದಂಡನೆ ಬೀಳಲಿಲ್ಲ. 2021ರಲ್ಲಿ ಆ ಶಿಕ್ಷೆಯನ್ನೇ ರದ್ದು ಮಾಡಿದರು. ಎದುರು ಪಕ್ಷದವರು ಹಿಂಟನ್ ಗೆದ್ದ 2014ನ್ನು ತೋರಿಸುತ್ತಾರೆ. ನಾನು ತೋರಿಸುವುದು 1986ನ್ನು. ಆ ವರ್ಷ ಆತನಿಗೆ ಬೇಕಿದ್ದದ್ದು ಕಾನೂನು ತಿಳಿದ ಒಬ್ಬ ವಕೀಲ, ಮತ್ತು 1,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಹಣ.