ಮಿರ್ಚಿ ಕಟ್ಟಿಕೊಟ್ಟ ಕಾಗದ

ಮೊನ್ನೆ ಸಂಜೆ ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಮುಗಿಸಿ, ಕೈಯಲ್ಲಿ ಉಳಿದ ಪತ್ರಿಕೆಯ ತುಂಡನ್ನು ಬಂಡಿಯ ಬಲ್ಬಿನ ಎದುರು ಹಿಡಿದೆ. ಎಣ್ಣೆ ಹತ್ತಿದ ಜಾಗದಲ್ಲೆಲ್ಲ ಹಿಂಬದಿಯ ರಾಶಿಭವಿಷ್ಯ ಈ ಕಡೆಗೆ ತಿರುವುಮುರುವಾಗಿ ಕಾಣುತ್ತಿತ್ತು. “ಏನು ಸರ್, ಅದರಲ್ಲಿ ಏನು ಹುಡುಕುತ್ತಿದ್ದೀರಿ?” ಎಂದ ಬಂಡಿಯವನು. (ಕರಿದದ್ದನ್ನು ಪತ್ರಿಕೆಯಲ್ಲಿ ಕಟ್ಟಬಾರದು, ಮಸಿ ಹೊಟ್ಟೆಗೆ ಹೋಗುತ್ತದೆ. ಗೊತ್ತಿದ್ದೂ ತಿಂದೆ. ಆ ಜಗಳ ಬೇರೆ ದಿನಕ್ಕಿರಲಿ.)

ಉತ್ತರ ಉದ್ದವಿತ್ತು, ಅವನಿಗೆ ಗಿರಾಕಿಗಳಿದ್ದರು. ಎಣ್ಣೆ ಹತ್ತಿದ ಕಾಗದದಾಚೆ ಕಂಡದ್ದು ಹೇಗೆ, ಅದೇ ಉಪಾಯದಿಂದ ಮಾಂಸದೊಳಗೂ ಹೇಗೆ ನೋಡಬಹುದು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ನಾನು ಜೀವಶಾಸ್ತ್ರದ ಮೇಷ್ಟ್ರು. ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಹೊಸ ಸೂಕ್ಷ್ಮದರ್ಶಕ ಕೊಳ್ಳಲು ಸಭೆ ಸೇರಿತ್ತು. ಎರಡು ಗಂಟೆ ಮಾತಾಡಿದರೂ ಅಲ್ಲಿ ಎದ್ದದ್ದು ಒಂದೇ ಪ್ರಶ್ನೆ: ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ? ಸಾವಿರ ಪಟ್ಟಿನದು ಬಂತು. ಹುಡುಗರು ಕೋಳಿಯ ಪಿತ್ತಜನಕಾಂಗದ ದಪ್ಪ ಚೂರೊಂದನ್ನು ಇಟ್ಟು ನೋಡಿದರೆ ಬರೀ ಮಬ್ಬು. ಬೆಳಕು ಹೆಚ್ಚಿಸಿದರು, ಮಬ್ಬು ಇನ್ನಷ್ಟು ಬೆಳಗಿತು. ಲೆನ್ಸ್ ಕೆಟ್ಟಿದೆ ಎಂದು ಪತ್ರ ಬರೆಯುವವರೆಗೂ ಹೋಯಿತು. ಲೆನ್ಸ್ ಚೆನ್ನಾಗಿಯೇ ಇತ್ತು, ತೊಂದರೆ ಇದ್ದದ್ದು ಮಾಂಸದಲ್ಲಿ.

ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ, ಎಂದರೆ ಬೆಳಕು ಆಚೆಗೆ ಬರುತ್ತಿದೆ. ಆದರೆ ಮೂಳೆಯ ನೆರಳು ಕಾಣುವುದಿಲ್ಲ. ಬಂದ ಬೆಳಕು ಒಳಗೆ ನೂರು ಕಡೆ ತಿರುಗಿ, ತಾನು ಯಾವ ದಾರಿಯಲ್ಲಿ ಬಂದೆ ಎಂಬುದನ್ನೇ ಮರೆತು ಬಂದಿದೆ. ಮಾಂಸದ ತೊಂದರೆ ಗೋಡೆಯ ತೊಂದರೆಯಲ್ಲ, ಹಾಲಿನ ತೊಂದರೆ. ಹಾಲಿನ ನೀರೂ ತಿಳಿ, ಅದರಲ್ಲಿ ತೇಲುವ ಕೊಬ್ಬಿನ ಹನಿಯೂ ಹೆಚ್ಚುಕಡಿಮೆ ತಿಳಿಯೇ. ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಬೆಳಕು ಬಾಗುತ್ತದೆ, ಅಷ್ಟಕ್ಕೇ ಬಿಳುಪು. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ ವಕ್ರೀಭವನ ಸೂಚ್ಯಂಕ; ನೀರಿನದು 1.33, ಕೊಬ್ಬಿನದು 1.45ರ ಆಸುಪಾಸು.

ಕಾಗದದ ನಾರಿನದು ಸುಮಾರು 1.5, ನಾರುಗಳ ನಡುವಿನ ಗಾಳಿಯದು 1. ಗಾಳಿಯ ಜಾಗಕ್ಕೆ 1.47ರ ಎಣ್ಣೆ ನುಗ್ಗಿದರೆ ಬೆಳಕಿಗೆ ಅದು ನಾರು, ಇದು ಎಣ್ಣೆ ಎಂಬ ಭೇದವೇ ತಿಳಿಯದೆ ನೇರ ಹಾದುಹೋಗುತ್ತದೆ. ಇದೇ ಉಪಾಯವನ್ನು ಜರ್ಮನಿಯ ಲೈಪ್‌ಜಿಗ್‌ನ ಅಂಗರಚನಾಶಾಸ್ತ್ರಜ್ಞ ವರ್ನರ್ ಸ್ಪಾಲ್ಟೆಹೋಲ್ಟ್ಸ್ 1911ರ ಹೊತ್ತಿಗೇ ಅಂಗಾಂಶಗಳ ಮೇಲೆ ಮಾಡಿ ತೋರಿಸಿದ್ದರು. ನೀರನ್ನೆಲ್ಲ ತೆಗೆದು, ಆ ಜಾಗಕ್ಕೆ ಮೀಥೈಲ್ ಸ್ಯಾಲಿಸಿಲೇಟ್‌ನಂಥ ಎಣ್ಣೆ ತುಂಬಿಸುವುದು. ನಮ್ಮ ನೋವಿನ ಮುಲಾಮುಗಳ ಘಾಟು ವಾಸನೆ ಅದರದ್ದೇ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಇಲಿಯ ಇಡೀ ಮಿದುಳನ್ನು ಜೆಲ್‌ನಲ್ಲಿ ಹಿಡಿದಿಟ್ಟು, ಕೊಬ್ಬನ್ನಷ್ಟೇ ತೊಳೆದು ತೆಗೆದು ಗಾಜಿನಂತೆ ಮಾಡಿದರು. ಆದರೆ ಇವೆಲ್ಲ ಸತ್ತ ಅಂಗಾಂಶದ ಮಾತು.

ಜೀವಂತ ಪ್ರಾಣಿಯ ಮಾತು ಬಂದದ್ದು 2024ರಲ್ಲಿ, ಅದೂ ಮಿಠಾಯಿ ಬಣ್ಣದಿಂದ. ಆ ವರ್ಷದ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಪತ್ರಿಕೆಗಳಲ್ಲಿ ಓದಿದ ಹೆಸರುಗಳಲ್ಲಿ ಟಾರ್ಟ್ರಜಿನ್ ಕೂಡ ಇತ್ತು. ಆರೇ ತಿಂಗಳಲ್ಲಿ ಅದೇ ಹಳದಿ ಬಣ್ಣದ ದ್ರಾವಣವನ್ನು ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಇಲಿಯ ಹೊಟ್ಟೆಗೆ ಹಚ್ಚಿದ ಸುದ್ದಿ ಬಂತು. ಕೆಲವೇ ನಿಮಿಷಗಳಲ್ಲಿ ಚರ್ಮದಾಚೆ ಕರುಳು ಮಿಸುಕುವುದು ಕಂಡಿತು. ತೊಳೆದರೆ ಚರ್ಮ ಮತ್ತೆ ಮೊದಲಿನಂತಾಯಿತು. ಬಣ್ಣ ನೀಲಿ ಬೆಳಕನ್ನು ಗಟ್ಟಿಯಾಗಿ ಹೀರುತ್ತದೆ, ಅದರ ಫಲವಾಗಿ ಕೆಂಪು ಬೆಳಕಿನ ಪಾಲಿಗೆ ನೀರಿನ ಸೂಚ್ಯಂಕ ಏರಿ ಕೊಬ್ಬಿನದಕ್ಕೆ ಹತ್ತಿರವಾಗುತ್ತದೆ. ಬಣ್ಣ ಸೇರಿಸಿದರೆ ಪಾರದರ್ಶಕವಾಗುತ್ತದೆ ಎಂದರೆ ನಮ್ಮಜ್ಜಿ ನನ್ನನ್ನೇ ವೈದ್ಯರ ಬಳಿ ಕಳಿಸುತ್ತಿದ್ದರು. ದಯವಿಟ್ಟು ಯಾರೂ ಜಿಲೇಬಿ ಬಣ್ಣ ಮೈಗೆ ಹಚ್ಚಿಕೊಳ್ಳಬೇಡಿ. ಇಲಿಯ ಚರ್ಮ ತೀರಾ ತೆಳು, ಮನುಷ್ಯರ ಮೇಲೆ ಇದನ್ನು ಪರೀಕ್ಷಿಸಿರಲಿಲ್ಲ.

ಅಂಗಾಂಶವನ್ನು ಮುಟ್ಟದೆ ಬೆಳಕನ್ನೇ ಬದಲಿಸುವ ದಾರಿಯೂ ಇದೆ. ಎರಡು ದುರ್ಬಲ ಫೋಟಾನುಗಳನ್ನು (ಬೆಳಕಿನ ಕಣಗಳನ್ನು) ಅಣು ಒಟ್ಟಿಗೆ ನುಂಗಬಲ್ಲದು ಎಂದು ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್ 1931ರಲ್ಲಿ ಪ್ರಕಟವಾದ ತಮ್ಮ ಪಿಎಚ್‌ಡಿ ಪ್ರಬಂಧದಲ್ಲೇ ಬರೆದಿದ್ದರು. 1990ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅದು ಸೂಕ್ಷ್ಮದರ್ಶಕವಾಯಿತು. ಕಡಿಮೆ ಚದುರುವ ಅವಕೆಂಪು ಲೇಸರ್, ಎರಡು ಫೋಟಾನು ಒಟ್ಟಿಗೆ ಸಿಗುವಷ್ಟು ಬೆಳಕು ದಟ್ಟವಾಗುವ ಒಂದು ಬಿಂದುವಿನಲ್ಲಿ ಮಾತ್ರ ಹೊಳಪು ಹುಟ್ಟಿಸುತ್ತದೆ. ಹೊರಬರುವ ಹೊಳಪು ಎಷ್ಟೇ ದಾರಿ ತಪ್ಪಿದರೂ ಚಿಂತೆಯಿಲ್ಲ, ಅದರ ಊರು ಯಾವುದೆಂದು ನಮಗೆ ಮೊದಲೇ ಗೊತ್ತು. ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಆದರೆ ಆ ಲೇಸರಿನ ಬೆಲೆಗೆ ನಮ್ಮ ಕಡೆ ಒಂದು ಕಾಲೇಜನ್ನೇ ದುರಸ್ತಿ ಮಾಡಬಹುದು.

ಹಾಗಾಗಿ ನನ್ನ ವಾದ, ಕಾಗದದ ಎಣ್ಣೆಯಂತೆಯೇ ಕೆಲಸ ಮಾಡುವ ಗ್ಲಿಸರಿನ್ ಪರ. ಹೊಂಗೆ ಎಲೆಯ ಹಸಿರನ್ನು ಬಿಸಿ ಸ್ಪಿರಿಟ್‌ನಲ್ಲಿ ತೆಗೆದು (ಪಾತ್ರೆಯನ್ನು ಬಿಸಿ ನೀರಿನಲ್ಲಿಟ್ಟು, ಬೆಂಕಿಯಿಂದ ದೂರ) ಗ್ಲಿಸರಿನ್‌ನಲ್ಲಿ ನೆನೆಸಿದರೆ ಸಣ್ಣ ಸಣ್ಣ ನರಗಳೂ ಹಳೆಯ ಸೂಕ್ಷ್ಮದರ್ಶಕದಲ್ಲೇ ಕಾಣುತ್ತವೆ. ಬೆಳಕು ನೇರ ಚಲಿಸುತ್ತದೆ ಎಂದು ಬಾಯಿಪಾಠ ಮಾಡಿಸುವ ನಾವು, ಅದು ನೇರ ಚಲಿಸದೇ ಇರುವ ನಮ್ಮ ಮೈಯನ್ನೇ ಪಾಠದಿಂದ ಬಿಟ್ಟಿದ್ದೇವೆ. ಸಾವಿರ ಪಟ್ಟಿನ ಯಂತ್ರಕ್ಕೆ ಹಣ ಹಾಕುವ ಮುನ್ನ ಎಷ್ಟು ಆಳಕ್ಕೆ ಕಾಣುತ್ತದೆ ಎಂದು ಒಬ್ಬರಾದರೂ ಕೇಳಬೇಕಿತ್ತು. ಸಭೆಯಲ್ಲಿ ನಾನೂ ಕುಳಿತಿದ್ದೆ, ನಾನೂ ಕೇಳಲಿಲ್ಲ.

ನಿನ್ನೆ ತರಗತಿಗೆ ಎರಡು ಕಾಗದದ ಪಟ್ಟಿ ಒಯ್ದಿದ್ದೆ, ಒಂದಕ್ಕೆ ನೀರು, ಒಂದಕ್ಕೆ ಶೇಂಗಾ ಎಣ್ಣೆ. ಎರಡನ್ನೂ ಕಿಟಕಿಗೆ ಹಿಡಿದ ಹುಡುಗಿಯೊಬ್ಬಳು, “ಸರ್, ನೀರಿನದಕ್ಕಿಂತ ಎಣ್ಣೆಯದರಲ್ಲಿ ಹೆಚ್ಚು ಕಾಣುತ್ತದೆ, ಏಕೆ?” ಎಂದಳು. ಬೋರ್ಡಿನ ಮೇಲೆ 1.33, 1.47, 1.5 ಎಂದಷ್ಟೇ ಬರೆದು ಸುಮ್ಮನೆ ನಿಂತೆ.