ಸಂಬಳ ಏರಿತು, ಶುಲ್ಕ ವಿನಾಯಿತಿ ಹಾರಿತು

ಮಗಳಿಗೆ ಐಐಟಿಯಲ್ಲಿ ಸೀಟು ಸಿಕ್ಕಿದೆ ಎಂದು ಹೇಳಿದ ಕೂಡಲೇ ಎದುರಿಗಿದ್ದವರು ತಪ್ಪದೆ ಆಡುವ ಮಾತೊಂದಿದೆ: "ಅಂಥ ಕಡೆ ಸೇರಿದ ಮೇಲೆ ದುಡ್ಡಿನ ಚಿಂತೆ ಏನು ಸ್ವಾಮಿ, ಸ್ಕಾಲರ್‌ಶಿಪ್ ಬೇಕಾದಷ್ಟು ಇರುತ್ತವಲ್ಲ." ಈ ಮಾತನ್ನು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಬೇಕಾದಷ್ಟು ಇವೆ, ನಿಜ. ಆದರೆ ದೊಡ್ಡ ಮೊತ್ತದ ವಿದ್ಯಾರ್ಥಿವೇತನಗಳೆಲ್ಲ ನಮ್ಮಂಥವರ ಆದಾಯಕ್ಕೆ ಒಂದು ಮೆಟ್ಟಿಲು ಕೆಳಗೇ ನಿಂತುಬಿಡುತ್ತವೆ. ನಮಗೆ ದಕ್ಕುವಂಥವನ್ನು ಒಟ್ಟು ಹಾಕಿದರೂ ಮಗಳ ಎರಡು ತಿಂಗಳ ಮೆಸ್ ಬಿಲ್ಲು ತೀರುವುದಿಲ್ಲ.

ಲೆಕ್ಕವನ್ನೇ ಮುಂದಿಡುತ್ತೇನೆ. ಐಐಟಿಗಳ ಬಿ.ಟೆಕ್ ಬೋಧನಾ ಶುಲ್ಕವನ್ನು 2016ರಲ್ಲಿ ವರ್ಷಕ್ಕೆ 90,000 ರೂಪಾಯಿಯಿಂದ 2 ಲಕ್ಷಕ್ಕೆ ಏರಿಸಿದರು. ಏರಿಸುವಾಗ ಬಡವರಿಗೆ ತೊಂದರೆಯಾಗದಿರಲೆಂದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಪೂರ್ತಿ ವಿನಾಯಿತಿ ಕೊಟ್ಟರು. ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ, ಕೊಡಲೇಬೇಕಾದದ್ದು ಅದು. ಉಳಿದವರಲ್ಲಿ ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಶುಲ್ಕ ಮಾಫಿ, 1 ಲಕ್ಷದಿಂದ 5 ಲಕ್ಷದವರೆಗೆ ಇದ್ದರೆ ಮೂರರಲ್ಲಿ ಎರಡು ಭಾಗ ಮಾಫಿ ಎಂದು ನಿಯಮ ಮಾಡಿದರು. ಅಂದು ಎಳೆದ ಆ 5 ಲಕ್ಷದ ಗೆರೆ ಇಂದಿಗೂ ಕದಲಿಲ್ಲ. ಅಕ್ಕಿಯ ಬೆಲೆ, ಗ್ಯಾಸಿನ ಬೆಲೆ, ಬಸ್ ಚಾರ್ಜು, ಮನೆ ಬಾಡಿಗೆ ಎಲ್ಲವೂ ಈ ನಡುವೆ ಎಲ್ಲಿಂದ ಎಲ್ಲಿಗೋ ಹೋಗಿವೆ. ಬಡತನದ ಅಳತೆ ಮಾತ್ರ 2016ರಲ್ಲೇ ನಿಂತಿದೆ.

ನಾನು ತಾಲ್ಲೂಕು ಕೇಂದ್ರದ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. 2024ರ ಜುಲೈವರೆಗೆ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಸೇರಿ ತಿಂಗಳಿಗೆ ನಲವತ್ತೊಂದು ಸಾವಿರ ಬರುತ್ತಿತ್ತು, ಅಂದರೆ ವರ್ಷಕ್ಕೆ 5 ಲಕ್ಷದೊಳಗೆ. ಆ ವರ್ಷದ ಆಗಸ್ಟ್‌ನಿಂದ 7ನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾಗಿ ಸಂಬಳ ತಿಂಗಳಿಗೆ ಹತ್ತು ಸಾವಿರದಷ್ಟು ಹೆಚ್ಚಿತು. ಮನೆಯಲ್ಲಿ ಪಾಯಸ ಮಾಡಿ ಉಂಡೆವು. ಮಗಳು ಸೇರುವ ಹೊತ್ತಿಗೆ ಕೇಳಿದ್ದು ಅದೇ ಹಣಕಾಸು ವರ್ಷದ ಆದಾಯ. ವರ್ಷದ ಸಂಬಳ, ತೆರಿಗೆಯ ಲೆಕ್ಕಕ್ಕೆ ಕಚೇರಿ ಕೊಡುವ ಫಾರಂ 16ರಲ್ಲಿ ಐದು ಲಕ್ಷ ಎಪ್ಪತ್ತು ಸಾವಿರ ಚಿಲ್ಲರೆ ಎಂದು ನಮೂದಾಗಿತ್ತು. ಆ ವರ್ಷ ವೇತನ ಪರಿಷ್ಕರಣೆಯಿಂದ ನನಗೆ ಹೆಚ್ಚುವರಿಯಾಗಿ ಬಂದದ್ದು ಸುಮಾರು ಎಂಬತ್ತು ಸಾವಿರ. ಅದೇ ಕಾರಣಕ್ಕೆ ಕೈತಪ್ಪಿದ ಶುಲ್ಕ ವಿನಾಯಿತಿ ವರ್ಷಕ್ಕೆ 1,33,000ಕ್ಕೂ ಮೇಲು. ಸರ್ಕಾರ ಸಂಬಳ ಏರಿಸಿದ್ದರಿಂದಲೇ ನಾನು ಮೊದಲಿಗಿಂತ ಬಡವನಾದೆ ಎಂದರೆ ಕಚೇರಿಯಲ್ಲಿ ನಗುತ್ತಾರೆ.

ಆದಾಯ 4 ಲಕ್ಷ 99 ಸಾವಿರ ಇದ್ದವನು ಕಟ್ಟಬೇಕಾದದ್ದು ಸುಮಾರು 67 ಸಾವಿರ, 5 ಲಕ್ಷದ 1 ಸಾವಿರ ಇದ್ದವನು ಕಟ್ಟಬೇಕಾದದ್ದು 2 ಲಕ್ಷ. ಎರಡು ಸಾವಿರ ರೂಪಾಯಿ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ದಂಡವನ್ನು ಆದಾಯ ತೆರಿಗೆ ಇಲಾಖೆಯವರೂ ಹಾಕುವುದಿಲ್ಲ. ಅವರಾದರೂ ಹಂತ ಹಂತವಾಗಿ ದರ ಏರಿಸುತ್ತಾರೆ. ಶುಲ್ಕ ವಿನಾಯಿತಿಗೂ ಹಾಗೆಯೇ ಐದರಿಂದ ಆರು ಲಕ್ಷಕ್ಕೆ ಇಷ್ಟು, ಆರರಿಂದ ಎಂಟಕ್ಕೆ ಇಷ್ಟು ಎಂದು ಹಂತಗಳನ್ನು ಮಾಡಲು ಏನು ಕಷ್ಟವಿತ್ತು? ಸೀಟು ಹಂಚುವಾಗ ಹಿಂದುಳಿದ ವರ್ಗದವರಲ್ಲಿ ಉಳ್ಳವರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ಮಿತಿ 8 ಲಕ್ಷ, ಆರ್ಥಿಕವಾಗಿ ದುರ್ಬಲ ವರ್ಗದ ಮಿತಿಯೂ 8 ಲಕ್ಷ. ಒಳಗೆ ಬಿಟ್ಟುಕೊಳ್ಳುವಾಗ ಎಂಟು ಲಕ್ಷದವರೆಗೂ ದುರ್ಬಲರು ಎಂದು ಒಪ್ಪುವವರು ಶುಲ್ಕದ ಕೌಂಟರಿನ ಮುಂದೆ ಐದೂಮುಕ್ಕಾಲು ಲಕ್ಷದವನನ್ನು ಉಳ್ಳವನೆಂದು ಕರೆಯುತ್ತಾರೆ.

ಇದಕ್ಕಿಂತ ಹೊಟ್ಟೆ ಉರಿಯುವುದು ಆದಾಯ ಪ್ರಮಾಣಪತ್ರದ ವಿಷಯದಲ್ಲಿ. ಸಂಬಳದಾರನ ಆದಾಯ ಪೈಸೆ ಪೈಸೆಗೂ ಕಾಗದದ ಮೇಲಿರುತ್ತದೆ, ಮುಚ್ಚಿಡೋಣವೆಂದರೂ ಆಗದು. ಅದೇ ನಮ್ಮೂರ ಕಡೆ ಎಕರೆಗಟ್ಟಲೆ ಅಡಿಕೆ ತೋಟ ಇರುವವರು, ಮನೆ ಮುಂದೆ ಕಾರು ನಿಲ್ಲಿಸಿಕೊಂಡವರು ನಾಡಕಚೇರಿಯಲ್ಲಿ ಅರ್ಜಿ ಹಾಕಿ ವರ್ಷಕ್ಕೆ ತೊಂಬತ್ತು ಸಾವಿರ ಆದಾಯವೆಂದು ಬರೆಸಿಕೊಂಡು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರ್‌ಡಿ ಸಂಖ್ಯೆಯಿರುವ ಆ ಹಾಳೆ ಕೈಯಲ್ಲಿದ್ದರೆ ಮುಂದೆ ಯಾರೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ನಿಜವಾಗಿ ಕಷ್ಟದಲ್ಲಿರುವ ರೈತರ ಮಕ್ಕಳ ಪಾಲನ್ನೂ ಇವರೇ ನುಂಗುತ್ತಿದ್ದಾರೆ ಎಂಬುದು ಬೇರೆ ಮಾತು.

ಹಾಗಾದರೆ ಬೇರೆ ಯೋಜನೆಗಳನ್ನು ಹುಡುಕಬಾರದೇ ಎಂದು ಕೇಳುವವರಿಗೆ ಹೇಳುತ್ತೇನೆ, ಹುಡುಕಿದ್ದೇವೆ. ಹಿಂದುಳಿದ ವರ್ಗದ ಮಕ್ಕಳಿಗೆ ಕೇಂದ್ರದ ಪಿಎಂ ಯಶಸ್ವಿ ಯೋಜನೆಯಡಿ ಉನ್ನತ ಸಂಸ್ಥೆಗಳ ಬೋಧನಾ ಶುಲ್ಕ, ತಿಂಗಳಿಗೆ 3,000 ಜೀವನ ವೆಚ್ಚ, ಲ್ಯಾಪ್‌ಟಾಪ್‌ಗೆ 45,000ದವರೆಗೆ ನೆರವು ಇದೆ. ಓದುವಾಗ ಬಾಯಲ್ಲಿ ನೀರೂರುತ್ತದೆ. ಆದಾಯದ ಮಿತಿ ಎಷ್ಟೆಂದರೆ 2.5 ಲಕ್ಷ, ಅಂದರೆ ತಿಂಗಳಿಗೆ ಇಪ್ಪತ್ತೊಂದು ಸಾವಿರಕ್ಕಿಂತ ಕಡಿಮೆ. ರಾಜ್ಯ ಸರ್ಕಾರದಲ್ಲಿ ಹೊಸದಾಗಿ ಸೇರುವ ಗ್ರೂಪ್ ಡಿ ನೌಕರನ ಮೂಲ ವೇತನವೇ ಈಗ 27,000. ಕಚೇರಿಯಲ್ಲಿ ನಮಗೆ ಕಾಫಿ ತಂದುಕೊಡುವವನ ಮಗಳಿಗೂ ಅದು ದಕ್ಕದು. ಪಿಯುಸಿ ಅಂಕಗಳ ಮೇಲೆ ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಮಿತಿ 4.5 ಲಕ್ಷ, ಅದು ಸಿಕ್ಕಿದರೂ ಮೊದಲ ಮೂರು ವರ್ಷ ವರ್ಷಕ್ಕೆ 12,000 ಮಾತ್ರ. ರೈತ ವಿದ್ಯಾನಿಧಿ ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ 11,000 ಕೊಡುತ್ತದೆ, ಆದರೆ ನಮಗೆ ಜಮೀನಿಲ್ಲ. ಇನ್ನು ವಾಟ್ಸಾಪ್‌ನಲ್ಲಿ "ಐದು ಲಕ್ಷ ಸ್ಕಾಲರ್‌ಶಿಪ್, ನಾಳೆಯೇ ಕೊನೆಯ ದಿನ" ಎಂದು ಬರುವ ಸಂದೇಶಗಳಲ್ಲಿ ಅರ್ಧ ಹೋದ ವರ್ಷದವು, ಇನ್ನರ್ಧ ನಮ್ಮ ಫೋನ್ ನಂಬರನ್ನು ಕೋಚಿಂಗ್ ಸೆಂಟರುಗಳಿಗೆ ಮುಟ್ಟಿಸುವಂಥವು.

ಅರ್ಹತೆ ಇದ್ದ ಒಂದೆರಡಕ್ಕೆ ಅರ್ಜಿ ಹಾಕಿದಾಗ ಎದುರಾದದ್ದು ಹೆಸರಿನ ರಗಳೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಆ ಇನಿಷಿಯಲ್ ಬಿಡಿಸಿ ನನ್ನ ಪೂರ್ತಿ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಇನಿಷಿಯಲ್ಲೇ ಇಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಹುಡುಗಿಯರು. ಅದನ್ನು ಸರಿಪಡಿಸಿಕೊಂಡು ಬಂದರೆ ಖಾತೆಗೆ ಆಧಾರ್ ಜೋಡಣೆ ಆಗಿದೆ, ಆದರೆ ಸರ್ಕಾರದ ಹಣ ಇದೇ ಖಾತೆಗೆ ಬರಬೇಕೆಂದು ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ ಎಂದರು. ಅಷ್ಟಕ್ಕೂ ಶುಲ್ಕ ಕಟ್ಟಬೇಕಾದದ್ದು ಸೇರುವ ದಿನವೇ. ವಿದ್ಯಾರ್ಥಿವೇತನದ ಹಣ ಬರುವುದು ವರ್ಷ ಮುಗಿಯುತ್ತ ಬಂದಾಗ. ಮೊದಲು ಕಟ್ಟಿ, ಆಮೇಲೆ ಕೊಡುತ್ತೇವೆ ಎಂದು ಹೇಳಿಸಿಕೊಳ್ಳುವಷ್ಟು ಹಣ ಕೈಯಲ್ಲಿದ್ದಿದ್ದರೆ ನಾವು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಇದೆಲ್ಲದರ ನಡುವೆ ಪ್ರತಿಭಾ ಪುರಸ್ಕಾರಗಳು. ಜಾತಿ ಸಂಘದ್ದು, ನೌಕರರ ಸಂಘದ್ದು, ಬಡಾವಣೆಯ ಗಣೇಶೋತ್ಸವ ಸಮಿತಿಯದ್ದು, ಒಂದನ್ನೂ ಬಿಡದೆ ಎಲ್ಲರೂ ಕರೆದರು. ಹತ್ತು ಗಂಟೆಗೆ ಎಂದ ಕಾರ್ಯಕ್ರಮ ಶಾಸಕರು ಬರುವವರೆಗೆ ಕಾದು ಒಂದು ಗಂಟೆಗೆ ಶುರುವಾಗುತ್ತದೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಗಣ್ಯರಿಗೆಲ್ಲ ಹಾರ, ಪೇಟ, ಹಣ್ಣಿನ ಬುಟ್ಟಿ ಆದ ಮೇಲೆ "ಇಂದಿನ ಮಕ್ಕಳಲ್ಲಿ ಸಂಸ್ಕಾರ ಕಡಿಮೆಯಾಗುತ್ತಿದೆ" ಎಂಬ ವಿಷಯವಾಗಿ ಮುಕ್ಕಾಲು ಗಂಟೆ ಭಾಷಣ. ಕೇಳುತ್ತ ಕುಳಿತವರು ಹಸಿದ ಅದೇ ಮಕ್ಕಳು. ಕೊನೆಗೆ ಮಗಳ ಕೈಗೆ ಒಂದು ಶಾಲು, ಸಂಘದ ಅಧ್ಯಕ್ಷರ ಹೆಸರು ಅವಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿರುವ ಒಂದು ಫಲಕ, ಸಾವಿರದ ಒಂದು ರೂಪಾಯಿಯ ಲಕೋಟೆ. ಶಾಮಿಯಾನ, ಫ್ಲೆಕ್ಸು, ಊಟಕ್ಕೆ ಖರ್ಚಾದ ಹಣವನ್ನು ಒಬ್ಬಿಬ್ಬರು ಮಕ್ಕಳ ಶುಲ್ಕಕ್ಕೆ ಕಟ್ಟಿದ್ದರೆ ಅದನ್ನು ವಿದ್ಯಾರ್ಥಿವೇತನ ಎನ್ನಬಹುದಿತ್ತು. ಹಾಗೆಂದು ಒಬ್ಬ ಪದಾಧಿಕಾರಿಯ ಬಳಿ ಹೇಳಿದ್ದಕ್ಕೆ "ಎಲ್ಲ ಮಕ್ಕಳಿಗೂ ಸಮಾನವಾಗಿ ಪ್ರೋತ್ಸಾಹ ಕೊಡಬೇಕಲ್ಲವೇ" ಎಂದು ಬುದ್ಧಿ ಹೇಳಿ ಕಳಿಸಿದರು.

ಉಳಿದದ್ದು ಸಾಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆದಾಯ 8 ಲಕ್ಷದವರೆಗೆ ಇರುವವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿಗೆ ಮತ್ತು ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಶೇಕಡಾ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಇದನ್ನೂ ಸಭೆಗಳಲ್ಲಿ ಸ್ಕಾಲರ್‌ಶಿಪ್ ಎಂದೇ ಹೇಳಿಕೊಂಡು ತಿರುಗುತ್ತಾರೆ. ತೀರಿಸಬೇಕಾದ ಹಣವನ್ನು ಸ್ಕಾಲರ್‌ಶಿಪ್ ಎಂದು ಕರೆಯುವುದಾದರೆ ನನ್ನ ಬೈಕಿನ ಸಾಲವೂ ಸ್ಕಾಲರ್‌ಶಿಪ್ಪೇ. ಈ ಸಾಲಕ್ಕೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ ಎಂದು ಯೋಜನೆಯಲ್ಲೇ ಸ್ಪಷ್ಟವಾಗಿ ಬರೆದಿದ್ದರೂ, ನಾನು ಹೋದ ಬ್ಯಾಂಕಿನ ಶಾಖೆಯಲ್ಲಿ ಮೊದಲು ಕೇಳಿದ್ದು ನನ್ನ ಎಲ್‌ಐಸಿ ಬಾಂಡು, ಎರಡನೆಯದಾಗಿ ಕೇಳಿದ್ದು ಮನೆಯ ಪತ್ರ. ಮನೆ ಬಾಡಿಗೆಯದು ಎಂದೆ. "ಹಾಗಾದರೆ ಸ್ವಂತ ಮನೆಯಿರುವ ಸಂಬಂಧಿಕರು ಯಾರಾದರೂ ಇದ್ದಾರೆಯೇ ನೋಡಿ" ಎಂದರು. ಯೋಜನೆಯ ನಿಯಮಗಳನ್ನು ಮುದ್ರಿಸಿ ಕೊಟ್ಟು, ಜಾಮೀನು ಏಕೆ ಬೇಕೆಂದು ಲಿಖಿತವಾಗಿ ತಿಳಿಸಿ ಎಂದು ಕೇಳಿ ಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಮುಂದಿನ ಸೆಮಿಸ್ಟರಿನ ಶುಲ್ಕದ ನೋಟಿಸು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂದಿದೆ.